ತಮ್ಮ ಎಂದರೆ ಟಾಮ್ ಅಲ್ಲ

ತುಳಸಿದಾಸ ತಾಂಡೇಲ ತೀರಿಕೊಂಡ ಮೇಲೆ ಕಾರವಾರದಲ್ಲಿ ಒಂದು ಶೋಕಸಭೆ ಆಯಿತು. ಬ್ಯಾನರಿನಲ್ಲಿ ಸತ್ತವನ ಫೋಟೋಕ್ಕಿಂತ ಸಭೆ ಕರೆದವನ ಫೋಟೋ ದೊಡ್ಡದಿತ್ತು. ಸಭೆ ಕರೆದವನು ಮಂಗೇಶ. ಸಮುದ್ರದ ಬದಿಗೆ ಹೋಮ್‌ಸ್ಟೇ ಇಟ್ಟುಕೊಂಡವನು, ಕರಾವಳಿ ಪರಂಪರಾ ವೇದಿಕೆ ಎಂಬುದರ ಅಧ್ಯಕ್ಷ. ಆ ವೇದಿಕೆಗೆ ಅಧ್ಯಕ್ಷನನ್ನು ಬಿಟ್ಟು ಬೇರೆ ಸದಸ್ಯರಿರುವುದನ್ನು ಯಾರೂ ಕಂಡಿಲ್ಲ. ಅವನು ಮೈಕು ಹಿಡಿದು, ಒಣಗಿದ ಕಣ್ಣನ್ನು ಒರೆಸಿಕೊಂಡು, "ಇಂಗ್ಲೆಂಡಿನ ಟಿಂಡಾಲ್ ವಂಶದ ಕೊಂಡಿಯೊಂದು ನಮ್ಮ ಊರಿನಲ್ಲಿ ಕಳಚಿಹೋಯಿತು" ಎಂದ. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಇದು ಶೋಕಸಭೆ, ಚಪ್ಪಾಳೆ ತಟ್ಟಬಾರದು ಎಂದು ಅವರಿಗೆ ಹೊಳೆಯುವಷ್ಟರಲ್ಲಿ ಚಪ್ಪಾಳೆ ಮುಗಿದಿತ್ತು.

ತುಳಸಿದಾಸ ಅಲ್ಲಿದ್ದಿದ್ದರೆ ಏನು ಹೇಳುತ್ತಿದ್ದ ಎಂದು ಅವನ ಗೆಳೆಯರಿಗೆಲ್ಲ ಗೊತ್ತು. ಅದು ಅಚ್ಚು ಹಾಕಿಸುವಂಥ ಮಾತಲ್ಲ. ಅವನಿಲ್ಲ. ಟಿಂಡಾಲ್ ವಂಶದ ಸುಳ್ಳು ಮಾತ್ರ ಚೆನ್ನಾಗಿ ಉಂಡು ತಿಂದು ಓಡಾಡಿಕೊಂಡಿದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುವುದು ಮೇಲು.

ತುಳಸಿದಾಸ ಹುಟ್ಟಿದ್ದು ಗಂಗಾವಳಿ ಹೊಳೆ ಸಮುದ್ರ ಸೇರುವ ಕಡೆ, ಮಂಜಗುಣಿಯಲ್ಲಿ. ತಾಂಡೇಲ ಎಂದರೆ ದೋಣಿ ನಡೆಸುವವನು. ಚುಕ್ಕಾಣಿ ಅವನ ಕೈಯಲ್ಲಿ, ಬಲೆ ಎಲ್ಲಿ ಬಿಡಬೇಕು ಎಂಬ ಮಾತು ಅವನ ಬಾಯಲ್ಲಿ. ತುಳಸಿದಾಸನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಆ ಕೆಲಸದವರೇ. ಕೆಲಸದ ಹೆಸರೇ ಮನೆತನದ ಹೆಸರಾಗಿ ಅಂಟಿಕೊಂಡಿತ್ತು. ತುಳಸಿದಾಸನಿಗೆ ಹೆಸರು ಬಂತು, ಕೆಲಸ ಬರಲಿಲ್ಲ. ಹುಡುಗನಾಗಿದ್ದಾಗ ಅಪ್ಪ ಅವನನ್ನು ದೋಣಿ ಹತ್ತಿಸಿದ. ಅಳಿವೆ ದಾಟಿ ಹೊಳೆಯಿಂದ ಸಮುದ್ರಕ್ಕೆ ಬೀಳುವ ಮೊದಲೇ ವಾಂತಿ. ಮರುವರ್ಷ ಮತ್ತೆ ಹತ್ತಿಸಿದ, ಮತ್ತೆ ವಾಂತಿ. "ಇವನ್ನ ಶಾಲೆಗೇ ಹಾಕಿ. ಅಲ್ಲಿ ನೆಲ ಅಲ್ಲಾಡೂದಿಲ್ಲ" ಎಂದ ಅಪ್ಪ. ಹೀಗೆ ತುಳಸಿದಾಸ ಓದಿದ, ಕಾರವಾರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮಾಸ್ತರನಾದ, ಅಲ್ಲೇ ನಿವೃತ್ತನಾದ.

ಅವನಿಗೆ ಎರಡು ಚಟ. ಪುಸ್ತಕ ಓದುವುದು ಮತ್ತು ಜನರನ್ನು ಹೀಯಾಳಿಸುವುದು. ಎರಡಕ್ಕೂ ರಜೆ ಹಾಕಿದವನಲ್ಲ. ಪೇಟೆಯಲ್ಲಿ ಯಾರಾದರೂ ಕಾಲಿಗೆ ಬಿದ್ದು "ಸರ್, ನಾನು ನಿಮ್ಮ ಕೈಯಲ್ಲಿ ಇಂಗ್ಲಿಷ್ ಕಲಿತವ" ಎಂದರೆ, "ಹೊರಗೆ ಹೇಳಬೇಡ ಮಾರಾಯ, ಇಬ್ಬರ ಮರ್ಯಾದೆಯೂ ಹೋಗ್ತದೆ" ಎನ್ನುತ್ತಿದ್ದ. ಮಂಗೇಶ ತನ್ನ ಹೋಮ್‌ಸ್ಟೇ ಗೋಡೆಗೆ ಪ್ಲಾಸ್ಟಿಕ್ ತೋರಣ ಕಟ್ಟಿ, ಹಳೆಯ ಲಾಟೀನು ತೂಗುಹಾಕಿ "ಪರಂಪರೆ" ಎಂದು ಬೋರ್ಡು ಹಾಕಿದಾಗ, ನಿಂತು ನೋಡಿ, "ಎಲ್ಲ ಸರಿ. ಆ ಲಾಟೀನಿನ ಕೆಳಗೆ ನಿನ್ನ ಅಜ್ಜಿಯನ್ನೂ ತೂಗಿಹಾಕಿದ್ದರೆ ಪೂರ್ತಿ ಆಗ್ತಿತ್ತು" ಎಂದಿದ್ದ. ಮಂಗೇಶ ಅದನ್ನು ಹೊಗಳಿಕೆ ಎಂದು ತಿಳಿದು ಚಹಾ ಕುಡಿಸಿದ. ತುಳಸಿದಾಸನ ಹಣೆಬರಹವೇ ಅದು. ಅವನ ಮಾತು ತಾಗಬೇಕಾದವರಿಗೆ ತಾಗುತ್ತಿರಲಿಲ್ಲ.

ಅವನು ಹೀಯಾಳಿಸದ ಜೀವ ಒಂದೇ, ಅಕ್ಕ ಹೀರಾ. ಮಂಜಗುಣಿಯ ಮನೆಯಲ್ಲಿ ಇರುವವಳು, ಅಂಕೋಲೆ ಪೇಟೆಯಲ್ಲಿ ಮೀನು ಮಾರುವವಳು. ಅವಳ ಎದುರು ಅವನ ನಾಲಿಗೆ ಏಳುತ್ತಿರಲಿಲ್ಲ, ಏಕೆಂದರೆ ಅವಳದು ಇನ್ನೂ ಉದ್ದ. ಅವನಿಗೆ ತಲೆ ನರೆತು, ಹಲ್ಲು ಹೋಗಿ, ಊರೆಲ್ಲ ಸರ್ ಸರ್ ಎಂದು ಕರೆದರೂ ಅವಳು ಕರೆಯುತ್ತಿದ್ದದ್ದು "ತಮಾ" ಎಂದೇ. ನಮ್ಮ ಕಡೆ ಚಿಕ್ಕವರನ್ನೆಲ್ಲ ಹಾಗೇ ಕರೆಯುವುದು.

ಆ ಮನೆಯಲ್ಲಿ ಒಂದು ಪದ್ಧತಿ ಉಂಟು. ನೂಲು ಹುಣ್ಣಿಮೆಯ ದಿನ ಎಲ್ಲರೂ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ದೋಣಿ ಇಳಿಸುತ್ತಾರೆ. ತಾಂಡೇಲರ ಮನೆಯವರು ಅದಕ್ಕೂ ಮೊದಲು, ಮನೆತನದಲ್ಲಿ ಸತ್ತುಹೋದ ತಾಂಡೇಲರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕೂಗಿ ಕರೆಯುತ್ತಾರೆ. ಕರೆಯುವುದು ಮನೆಯ ಹೆಣ್ಣಿನ ಕೆಲಸ. ಕರೆಸಿಕೊಳ್ಳುವುದು ಚುಕ್ಕಾಣಿ ಹಿಡಿದವರ ಹಕ್ಕು. ಹಿಡಿಯದವನು ಎಷ್ಟು ದೊಡ್ಡ ಮನುಷ್ಯನಾದರೂ ಅವನ ಹೆಸರು ಅಲ್ಲಿ ಬರುವುದಿಲ್ಲ. ಅವ್ವನ ನಂತರ ಕರೆಯುವ ಕೆಲಸ ಹೀರಾಳಿಗೆ ಬಂತು. ಪ್ರತಿ ವರ್ಷ ಕಾರವಾರದಿಂದ ಬಂದು ಹಿಂದೆ ನಿಲ್ಲುತ್ತಿದ್ದ ತಮ್ಮನಿಗೆ ಅವಳು ತಿರುಗಿ ಚುಚ್ಚುತ್ತಿದ್ದಳು. "ನಿನ್ನ ಹೆಸರು ಇದರಲ್ಲಿ ಬರೂದಿಲ್ಲ ನೋಡು ತಮಾ." ಅವನು, "ಬೇಡ ಅಕ್ಕಾ, ಉಪ್ಪುನೀರು ನನಗೆ ಆಗೂದಿಲ್ಲ" ಎನ್ನುತ್ತಿದ್ದ.

ಹಿರಿಯರಿಂದ ಕಿರಿಯರಿಗೆ ಇಳಿದು, ಕಟ್ಟಕಡೆಗೆ ಬರುವ ಕರೆ ಒಂದುಂಟು: "ತಮ್ಮಾ!" ಮುತ್ತಜ್ಜನ ಕಿರಿಯ ತಮ್ಮ ಅವನು, ಎಲ್ಲರಿಗಿಂತ ಚಿಕ್ಕ ವಯಸ್ಸಿನಲ್ಲಿ ಹೋದವನಾದ್ದರಿಂದ ಅವನ ಕರೆ ಕಡೆಗೆ. ಕಾರವಾರದ ಬಂದರಿಗೆ ಇಂಗ್ಲಿಷರ ಹಡಗು ಬರುತ್ತಿದ್ದ ಕಾಲದಲ್ಲಿ ಹಡಗಿನ ಸರಕು ಇಳಿಸುವ ದೋಣಿಗೆ ತಾಂಡೇಲನಾಗಿದ್ದ. ಮಳೆಗಾಲದ ಒಂದು ದಿನ, ಹೋಗಬಾರದ ಹೊತ್ತಿನಲ್ಲಿ ಹೋಗು ಎಂದು ಯಾರೋ ಹೇಳಿದರು. ಗಂಗಾವಳಿ ಅಳಿವೆಯಲ್ಲಿ ದೋಣಿ ಮಗುಚಿತು. ಹೆಣ ಸಿಗಲಿಲ್ಲ. ಸುಡಲಿಕ್ಕೆ ಏನೂ ಇಲ್ಲದ ಮನೆಯವರು ಉಬ್ಬರದ ನೀರು ಮುಟ್ಟದ ಕಡೆ ಒಂದು ಕಪ್ಪು ಕಲ್ಲು ನೆಟ್ಟರು. ಅದರ ಕೆಳಗೆ ಮರಳು ಬಿಟ್ಟರೆ ಏನೂ ಇಲ್ಲ. ಹೊಸ ಹಂಗಾಮಿನ ಮೊದಲ ಮೀನನ್ನು ಅದರ ಮೇಲೆ ಇಡುತ್ತಾರೆ, ಕಾಗೆ ಒಯ್ಯುತ್ತದೆ. ಮನೆಯಲ್ಲಿ ಅವನಿಗೆ ತಮ್ಮಜ್ಜ ಎಂದು ಹೆಸರು, ಆದರೆ ಅಜ್ಜನಾಗುವ ವಯಸ್ಸು ಅವನಿಗೆ ಬಂದೇ ಇರಲಿಲ್ಲ. ಮದುವೆಯೂ ಆಗಿರಲಿಲ್ಲ.

ಹೋದ ಸಂಕ್ರಾಂತಿ ಕಳೆದ ಮೇಲೆ ಕಾರವಾರಕ್ಕೆ ಬ್ರಯನ್ ಟಿಂಡಾಲ್ ಎಂಬ ಇಂಗ್ಲಿಷ್ ಮುದುಕನೊಬ್ಬ ಬಂದ. ದೊರೆಯೂ ಅಲ್ಲ, ಕರ್ನಲ್ಲೂ ಅಲ್ಲ. ಹಲ್ ಎಂಬ ಬಂದರು ಊರಿನಲ್ಲಿ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ಅಪ್ಪ ದೋಣಿ ನಿಲ್ಲುವ ಮೀನಿನ ಧಕ್ಕೆಯಲ್ಲಿ ಪೆಟ್ಟಿಗೆ ಹೊತ್ತವನು. ಮೊಣಕಾಲು ನೋವು, ಬೇಯಿಸಿದ ಸಿಗಡಿಯ ಬಣ್ಣಕ್ಕೆ ತಿರುಗಿದ ಕತ್ತು, ತಲೆಗೆ ಬಟ್ಟೆಯ ಟೊಪ್ಪಿ. ಹೆಂಡತಿ ಸತ್ತ ಮೇಲೆ ಹೊತ್ತು ಹೋಗದೆ ತನ್ನ ವಂಶದವರನ್ನು ಹುಡುಕಲು ಕುಳಿತನಂತೆ. ಎಲ್ಲರೂ ಸಿಕ್ಕಿದ್ದರು. ಯಾರು ಯಾವ ಇಗರ್ಜಿಯಲ್ಲಿ ಹೆಸರಿಡಿಸಿಕೊಂಡರು, ಯಾರು ಯಾವ ಬೀದಿಯಲ್ಲಿ ಬೂಟು ಹೊಲಿದರು ಎಲ್ಲವೂ. ಸಿಗದವನು ಒಬ್ಬ: ಅಜ್ಜನ ಅಜ್ಜ ಥಾಮಸ್ ಟಿಂಡಾಲ್, ಮನೆಯವರ ಬಾಯಲ್ಲಿ ಟಾಮ್. ಹಡಗು ಹತ್ತಿ ಮುಂಬಯಿ ಕಡೆ ಹೋದವನು ತಿರುಗಿ ಬರಲಿಲ್ಲ. ಅವನ ಗೋರಿ ಎಲ್ಲಿದೆ ಎಂದು ಅವನ ಹೆಂಡತಿಗೂ ತಿಳಿಯಲಿಲ್ಲ, ಮಕ್ಕಳಿಗೂ ತಿಳಿಯಲಿಲ್ಲ. ಬ್ರಯನ್ನನಿಗೆ ಬೇಕಾದದ್ದು ಅಷ್ಟೇ. ನಿಂತು ಟೊಪ್ಪಿ ತೆಗೆಯಲಿಕ್ಕೆ ಒಂದು ಜಾಗ.

ಇದು ಕಾರವಾರಕ್ಕೆ ತಿಳಿದದ್ದೇ ತಡ, ಊರಿಗೆ ಹುಚ್ಚು ಹಿಡಿಯಿತು. ಮಂಗೇಶ ಅವನನ್ನು ರೈಲ್ವೆ ಸ್ಟೇಷನ್ನಿನಲ್ಲೇ ಹಿಡಿದು, ಪೇಟ ಸುತ್ತಿ, ಹೋಮ್‌ಸ್ಟೇಗೆ ಹೊತ್ತುಕೊಂಡು ಬಂದ. ಒಬ್ಬ ತುಕ್ಕು ಹಿಡಿದ ಬೀಗ ತಂದು, ಇದು ನಿಮ್ಮ ಅಜ್ಜನದೇ ಎಂದ. ಇನ್ನೊಬ್ಬ ತನ್ನ ಅಜ್ಜ ನಿಮ್ಮ ಅಜ್ಜನಿಗೆ ಅಡುಗೆ ಮಾಡಿ ಹಾಕುತ್ತಿದ್ದ ಎಂದ. ಇಬ್ಬರು ಅಜ್ಜಂದಿರ ನಡುವೆ ಎಪ್ಪತ್ತು ವರ್ಷದ ಅಂತರ ಇತ್ತು, ಅದು ಇಬ್ಬರಿಗೂ ಅಡ್ಡಿಯಾಗಲಿಲ್ಲ. ಸ್ವಂತ ಅಜ್ಜನ ಅಪ್ಪನ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುವ ಜನ, ಥಾಮಸ್ ಟಿಂಡಾಲ್ ಎಲ್ಲಿ ಕುಳಿತು ಗಾಳಿ ತೆಗೆದುಕೊಳ್ಳುತ್ತಿದ್ದ ಎಂದು ಬೆರಳು ಮಾಡಿ ತೋರಿಸಿದರು. ಯೂಟ್ಯೂಬ್ ಸುದ್ದಿ ಮಾಡುವ ಸಂಕೇತ ಎಂಬ ಹುಡುಗ ಕೋಲಿಗೆ ಮೊಬೈಲು ಸಿಕ್ಕಿಸಿಕೊಂಡು ಅವನ ಹಿಂದೆಯೇ ತಿರುಗಿದ. ಮುದುಕ ಸಂಡಾಸಿಗೆ ಹೋದಾಗ ಮಾತ್ರ ಹೊರಗೆ ನಿಂತ.

ಇಂಗ್ಲಿಷು ತೊಡಕಾದಾಗ ಮಂಗೇಶ ತುಳಸಿದಾಸನಿಗೆ ಹೇಳಿ ಕಳಿಸಿದ. ತುಳಸಿದಾಸ ಹೋದ. ತಮಾಷೆ ನೋಡಲಿಕ್ಕೆಂದೇ ಹೋದ. ಬ್ರಯನ್ ತನ್ನ ಟ್ಯಾಬಿನಲ್ಲಿ, ಯಾರೋ ಹಳೆಯ ಕಾಗದ ನೋಡಿ ಇಂಟರ್‌ನೆಟ್ಟಿಗೆ ಹಾಕಿದ ಒಂದು ಸಾಲು ತೋರಿಸಿದ. ಟಾಮ್ ಟಿಂಡಾಲ್, ಗಂಗಾವಳಿ ಅಳಿವೆಯಲ್ಲಿ ಮುಳುಗಿ ಸತ್ತ. ಅಷ್ಟೇ.

ತುಳಸಿದಾಸನಿಗೆ ಓದಿದ ಕ್ಷಣವೇ ತಿಳಿಯಿತು. ಆ ಕಾಲದ ಇಂಗ್ಲಿಷರ ಬಾಯಲ್ಲಿ ತಾಂಡೇಲ ಎಂಬುದು ಟಿಂಡಾಲ್ ಆಗಿತ್ತು. ಅವರ ಎಲ್ಲ ಬರಹದಲ್ಲೂ ಹಾಗೇ ಬರುತ್ತದೆ. ದೋಣಿ ಮುಳುಗಿದಾಗ ಬರೆದುಕೊಳ್ಳುವ ಗುಮಾಸ್ತ, ಸತ್ತವನು ಯಾರು ಎಂದು ಕೇಳಿರಬೇಕು. ದಡದ ಮೇಲೆ ನಿಂತ ಅಣ್ಣ "ತಮ್ಮ" ಎಂದು ಅತ್ತಿರಬೇಕು. ಗುಮಾಸ್ತ ಟಾಮ್ ಎಂದು ಬರೆದ. ಆ ಟಾಮ್ ಟಿಂಡಾಲ್ ಬೇರೆ ಯಾರೂ ಅಲ್ಲ, ತಾಂಡೇಲರ ಮನೆಯ ತಮ್ಮಜ್ಜ.

ಇದನ್ನು ನೆಟ್ಟಗೆ ಹೇಳಿ ಚಹಾ ಕುಡಿದು ಎದ್ದುಬರಬಹುದಿತ್ತು. ಆದರೆ ಪಕ್ಕದಲ್ಲಿ ಮಂಗೇಶ ಬಾಯಿ ತೆರೆದುಕೊಂಡು ಬಾಗಿದ್ದ.

"ಎಂತ ಮಾಸ್ತರೇ? ಸಿಕ್ಕಿತಾ? ಸಾಹೇಬರ ಅಜ್ಜ ಸಿಕ್ಕಿದ್ರಾ?"

ಆ ಮುಖ ನೋಡಿ ತುಳಸಿದಾಸನ ಚಟ ಎದ್ದಿತು. "ಸಿಗದೇ ಏನು? ಮಂಜಗುಣಿಯಲ್ಲಿ ಟಾಮ್ ಟಿಂಡಾಲನ ಕಲ್ಲೇ ಉಂಟು. ನನ್ನ ಅಕ್ಕ ಪ್ರತಿ ವರ್ಷ ಅವನಿಗೆ ಬಂಗಡೆ ಇಡ್ತಾಳೆ. ನಾವೆಲ್ಲ ಟಿಂಡಾಲರೇ. ನನ್ನ ಮೂಗು ನೋಡು, ಇಂಗ್ಲೆಂಡಿನದು ಅನ್ನಿಸೂದಿಲ್ವಾ?" ಎಂದ. ಅದನ್ನೇ ಇಂಗ್ಲಿಷಿನಲ್ಲೂ ಹೇಳಿದ. ಅವನ ಮೂಗು, ಹಸಿ ಮಣ್ಣಿನ ಮೇಲೆ ಯಾರೋ ಹಿಮ್ಮಡಿ ಊರಿದ ಹಾಗಿತ್ತು. ಹೇಳಿ, ನಗು ಬರಲಿ ಎಂದು ಕಾದ.

ಯಾರೂ ನಗಲಿಲ್ಲ. ಮಂಗೇಶ ಎದ್ದು ಅವನನ್ನು ತಬ್ಬಿಕೊಂಡ. "ನನಗೆ ಮೊದಲಿಂದ ಡೌಟಿತ್ತು ಸರ್, ನಿಮ್ಮ ಇಂಗ್ಲಿಷು ಅಷ್ಟು ಚಲೋ ಯಂತಕೆ ಅಂತ!" ಸಂಕೇತ ಮೊಬೈಲನ್ನು ಮೂಗಿನ ಹತ್ತಿರ ತಂದ. ಬ್ರಯನ್ ಮಾತ್ರ ಮೆಲ್ಲಗೆ ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ತುಳಸಿದಾಸ ಅದನ್ನು ಕಂಡ. ಕಂಡೂ, ಅದು ಸುಳ್ಳು ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಮನೆಗೆ ಬಂದು ಹೆಂಡತಿ ಮಂದಾಕಿನಿಗೆ ಹೇಳಿದಾಗ ಅವಳು, "ಚಾಳಿಸಿ ನಗಲಿಕ್ಕೆ ನಿಮಗೆ ಇಡೀ ಕಾರವಾರ ಇತ್ತು. ಆ ಹೆಂಡತಿ ಸತ್ತ ಮುದುಕನೇ ಬೇಕಿತ್ತಾ?" ಎಂದಳು.

"ನಾಳೆ ಹೋಗಿ ಹೇಳಿಬಿಡ್ತೇನೆ."

ಆ ನಾಳೆ ಬರುವ ಮೊದಲು ಸಂಕೇತನ ವಿಡಿಯೋ ಬಂತು. ಬೈತಖೋಲದಿಂದ ಗಂಗಾವಳಿವರೆಗೆ ತಾಂಡೇಲ ಎಂಬ ಹೆಸರಿದ್ದವರೆಲ್ಲ ಕನ್ನಡಿ ನೋಡಿಕೊಂಡರು. ಕೆಲವು ಹುಡುಗರು ಫೇಸ್‌ಬುಕ್ಕಿನಲ್ಲಿ ಟಿಂಡಾಲ್ ಎಂದು ಹೆಸರು ತಿದ್ದಿಕೊಂಡರು. ದೂರದ ಸಂಬಂಧಿಯೊಬ್ಬ ಫೋನು ಮಾಡಿ, "ಭಾವಾ, ಇದರ ಮೇಲೆ ವೀಸಾ ಸಿಗ್ತದಾ?" ಎಂದು ಕೇಳಿದ. ನಿನ್ನೆಯವರೆಗೆ ಅಪ್ಪ ಬಲೆ ಎಳೆದವನು ಎಂದು ಹೇಳಲು ನಾಚುತ್ತಿದ್ದವರು, ಮುತ್ತಜ್ಜ ಇಂಗ್ಲೆಂಡಿನಿಂದ ಬಂದು ಬಲೆ ಎಳೆದ ಎಂದಾಗ ಎದೆ ಉಬ್ಬಿಸಿದರು. ಮಂಗೇಶ ಕರಿ ಗ್ರಾನೈಟಿನಲ್ಲಿ "ಕ್ಯಾಪ್ಟನ್ ಟಾಮ್ ಟಿಂಡಾಲ್ ಸಮಾಧಿ" ಎಂದು ಕೊರೆಸಲಿಕ್ಕೆ ಕೊಟ್ಟ. ಕ್ಯಾಪ್ಟನ್ ಎಲ್ಲಿಂದ ಬಂದ ಎಂದು ಕೇಳಿದರೆ, "ಇರಲಿ ಸರ್, ಸತ್ತವರಿಗೆ ಪ್ರಮೋಶನ್ ಕೊಟ್ಟರೆ ಯಾರದೇನು ಹೋಗ್ತದೆ" ಎಂದ. ಕಲ್ಲಿನ ಸುತ್ತ ಕಬ್ಬಿಣದ ಬೇಲಿ, ಬೇಲಿಗೆ ಗೇಟು. ಉದ್ಘಾಟನೆಗೆ ಶಾಮಿಯಾನ ಕೂಡ ಹೇಳಿ ಆಯಿತು.

ಬೇಲಿಗೆ ಗುಂಡಿ ತೋಡುವವರು ಅಳತೆ ಟೇಪು ಹಿಡಿದು ಮಂಜಗುಣಿಗೆ ಹೋದ ದಿನ ಹೀರಾ ಫೋನಿನಲ್ಲಿ "ಬಾ" ಎಂದಷ್ಟೇ ಹೇಳಿ ಇಟ್ಟಳು. ತುಳಸಿದಾಸ ಬಸ್ಸು ಹಿಡಿದು ಹೋದ. ಅವಳು ಅಂಗಳದಲ್ಲಿ ಕುಳಿತು ಬಂಗಡೆ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಬಾ ಸಾಯಬಾ. ಕುರ್ಚಿ ಇಲ್ಲ, ನಿಮ್ಮ ಇಂಗ್ಲೆಂಡಿಂದ ತರಿಸ್ಬೇಕು."

"ಅದು ಒಂದು ತಮಾಷೆ ಅಕ್ಕಾ."

"ಯಾರು ನಗಾಡಿದ್ರು?"

ಅವಳು ಮೀನಿನ ತಲೆ ಕತ್ತರಿಸಿ ಬದಿಗಿಟ್ಟಳು. "ತಮ್ಮಜ್ಜನಿಗೆ ಬೇಲಿ ಹಾಕ್ತಾರಂತೆ. ಗೇಟಿಗೆ ಬೀಗ. ಕೀಲಿ ಮಂಗೇಶನ ಹತ್ರ. ನೂಲು ಹುಣ್ಣಿಮೆ ದಿನ ನಾ ಅವನ ಮನೆ ಬಾಗಿಲಿಗೆ ಹೋಗಿ, ಸ್ವಾಮಿ ಕೀಲಿ ಕೊಡಿ, ನಮ್ಮ ಅಜ್ಜನಿಗೆ ಮೀನು ಇಡಬೇಕು ಅನ್ನಬೇಕಾ? ಅವ ಸಮುದ್ರದಲ್ಲಿ ಹೋದ. ಆಗ ಹೆಣ ಹೋಯ್ತು. ಈಗ ನೀ ಕಲ್ಲನ್ನೂ ಕೊಟ್ಟೆ."

"ಮಂಗೇಶನಿಗೆ ನೀನೇ ಒಂದು ಮಾತು ಹೇಳಿದ್ರೆ..."

"ನಾ ಹೇಳಿದ್ರೆ ಮೀನು ಮಾರೋಳು ಜಗಳಕ್ಕೆ ಬಂದ್ಳು ಅಂತಾರೆ. ನೀ ಮಾಡಿದ್ದು, ನೀನೇ ಬಾಯಿ ಬಿಡು. ಅದೊಂದೇ ಅಲ್ವಾ ನಿಂಗೆ ಬರೂದು?"

ಅವನು ಕೇಳಿದ. "ಅಕ್ಕಾ, ತಮ್ಮಜ್ಜನ ಖರೇ ಹೆಸರು ಎಂತದು?"

"ತಮ್ಮ."

"ಅದು ಹೆಸರಲ್ಲ. ಹೆಸರು?"

ಅವಳ ಕೈ ಮೊದಲ ಸಲ ನಿಂತಿತು. "ಗೊತ್ತಿಲ್ಲ. ಅವ್ವನ ಕೇಳಿದ್ದೆ, ಅವ್ವನಿಗೂ ಗೊತ್ತಿರ್ಲಿಲ್ಲ. ಎಲ್ಲ ದೊಡ್ಡವರೂ ತಮಾ ತಮಾ ಅಂತ ಕರೆದ್ರು, ಅದೇ ಉಳೀತು. ನೀ ಯಾವತ್ತಾದ್ರೂ ಕೇಳಿದ್ದ್ಯಾ?"

ಕೇಳಿರಲಿಲ್ಲ. ಮನೆ ತುಂಬ ಪುಸ್ತಕ ತುಂಬಿಸಿಕೊಂಡವನು, ಇಂಗ್ಲೆಂಡಿನ ರಾಜರ ಸಾಲನ್ನು ಹಿಂದುಮುಂದಾಗಿ ಹೇಳಬಲ್ಲವನು, ಇದನ್ನು ಕೇಳಿರಲಿಲ್ಲ. ಊರವರ ಬಗ್ಗೆ ಆಡಿದ ಮಾತೆಲ್ಲ ಆ ಅಂಗಳದಲ್ಲಿ ಅವನ ಕಡೆಗೇ ತಿರುಗಿ ನಿಂತಿತು. ಬಸ್ಸು ಓಡಿಸುತ್ತಿದ್ದ ಇಂಗ್ಲಿಷಿನವನಿಗೆ ತನ್ನ ಅಜ್ಜನ ಅಜ್ಜನ ಹೆಸರಿಟ್ಟ ಪಾದ್ರಿ ಯಾರು ಎಂದೂ ಗೊತ್ತು. ಇವನಿಗೆ ಗೊತ್ತಿದ್ದದ್ದು, ಒಬ್ಬ ಯಾರಿಗೋ ತಮ್ಮನಾಗಿದ್ದ ಎಂಬುದಷ್ಟೇ.

ಅವನು ಮೊದಲು ಮಂಗೇಶನ ಹತ್ತಿರ ಹೋಗಿ ಎಲ್ಲ ಬಿಡಿಸಿ ಹೇಳಿದ. ಮಂಗೇಶ ಶಾಂತವಾಗಿ ಕೇಳಿದ.

"ಇರಬಹುದು ಮಾಸ್ತರೇ. ನಾನು ಇಲ್ಲ ಅನ್ನೂದಿಲ್ಲ. ಆದ್ರೆ ಕಲ್ಲು ಕೊರೆದು ಆಯ್ತಲ್ಲ?"

"ಕಲ್ಲು ಕೊರೆದರೆ ತಮ್ಮಜ್ಜ ಇಂಗ್ಲಿಷಿನವ ಆಗ್ತಾನಾ?"

"ಆಮಂತ್ರಣ ಪತ್ರಿಕೆ ಹಂಚಿ ಆಗಿದೆ. ಈಗ ಉದ್ಘಾಟನೆ ಆಗಲಿ. ಸತ್ಯ ಬೇಕಾದ್ರೆ ಮಳೆಗಾಲದಲ್ಲಿ ಒಂದು ಸೆಮಿನಾರ್ ಇಟ್ಟು ನೋಡುವಾ. ನೀವೇ ಅಧ್ಯಕ್ಷತೆ."

ತುಳಸಿದಾಸ ಮುಂದಿಟ್ಟ ಚಹಾ ಮುಟ್ಟದೆ ಎದ್ದುಬಂದ. ಇಡೀ ಜನ್ಮದಲ್ಲಿ ಅದೊಂದೇ ಸಲ ಇರಬೇಕು.

ಉದ್ಘಾಟನೆಯ ಬೆಳಿಗ್ಗೆ ಅವನು ಬ್ರಯನ್ನನನ್ನು ರಿಕ್ಷಾ ಮಾಡಿಸಿಕೊಂಡು ಮೊದಲೇ ಮಂಜಗುಣಿಗೆ ಕರೆತಂದ. ಹೀರಾಳ ಜಗಲಿಯಲ್ಲಿ ಕೂರಿಸಿ, ಕ್ಲಾಸಿನಲ್ಲಿ ವ್ಯಾಕರಣ ಹೇಳುವ ಹಾಗೆ ಹೇಳಿದ. ತಾಂಡೇಲ ಎಂದರೆ ಕೆಲಸ. ತಮ್ಮ ಎಂದರೆ ಒಡಹುಟ್ಟಿದವನು. ನಾನು ಅವತ್ತು ಹೇಳಿದ್ದು ಚೇಷ್ಟೆಗೆ.

ಬ್ರಯನ್ ತೆಗೆದಿಟ್ಟಿದ್ದ ಟೊಪ್ಪಿಯನ್ನು ಮತ್ತೆ ತಲೆಗೆ ಹಾಕಿಕೊಂಡ. "ಅಂದರೆ ಅವತ್ತು ನೀವು ನನ್ನನ್ನು ನೋಡಿ ನಗುತ್ತಿದ್ದಿರಿ."

"ನಿಮ್ಮನ್ನಲ್ಲ. ಮಂಗೇಶನನ್ನು."

"ನಾನೂ ಅಲ್ಲೇ ಕೂತಿದ್ದೆ."

ತುಳಸಿದಾಸ ತಲೆ ತಗ್ಗಿಸಿದ. ಕ್ಷಮಿಸಿ ಎಂದ. ಆ ಶಬ್ದವನ್ನು ಅವನು ಬೇರೆಯವರಿಗೆ ಸ್ಪೆಲಿಂಗ್ ಸಮೇತ ಕಲಿಸಿದ್ದ, ತಾನು ಬಳಸಿದ್ದು ಕಡಿಮೆ. ಒಳಗಿನಿಂದ ಹೀರಾ ಬಟ್ಟಲು ಹಿಡಿದು ಬಂದಳು.

"ಎಂತ ಅಂತಾನೆ ಅವ?"

"ತನ್ನ ಅಜ್ಜ ಇಲ್ಲಿ ಇಲ್ಲ ಅಂತ ಬೇಜಾರು."

"ಇಲ್ಲಿ ಇಲ್ಲದಿದ್ರೆ ಮತ್ತೆಲ್ಲೋ ಇರ್ತಾನೆ. ನೀರು ಎಲ್ಲ ಒಂದೇ ಅಲ್ವಾ? ಉಣ್ಣಲಿಕ್ಕೆ ಹೇಳು."

ಬ್ರಯನ್ ಉಂಡ. ಬಂಗಡೆಯ ಮುಳ್ಳನ್ನು ಬೆರಳಿನಿಂದಲೇ ಬಾಲದಿಂದ ತಲೆವರೆಗೆ ಒಂದೇ ಎಳೆತಕ್ಕೆ ಬಿಡಿಸಿ ಬದಿಗಿಟ್ಟ. ಧಕ್ಕೆಯಲ್ಲಿ ಬೆಳೆದ ಹುಡುಗ. ಹೀರಾ ಅದನ್ನೇ ನೋಡುತ್ತ ನಿಂತಳು. "ಇವನಿಗೆ ಮೀನು ತಿನ್ನಲಿಕ್ಕೆ ಬರ್ತದೆ. ಆ ಮಂಗೇಶನಿಗೆ ಬರೂದಿಲ್ಲ" ಎಂದಳು. ಅವಳ ಬಾಯಿಂದ ಅದು ದೊಡ್ಡ ಸರ್ಟಿಫಿಕೇಟು.

ಶಾಮಿಯಾನದಲ್ಲಿ ಜನ ತುಂಬಿದ್ದರು. ಟಿಂಡಾಲ್ ಆದ ತಾಂಡೇಲರು ಇಸ್ತ್ರಿ ಅಂಗಿ ಹಾಕಿಕೊಂಡು ಮುಂದೆ ಕುಳಿತಿದ್ದರು. ಕಪ್ಪು ಕಲ್ಲಿನ ಪಕ್ಕ ಗ್ರಾನೈಟು ಬಟ್ಟೆ ಹೊದ್ದು ನಿಂತಿತ್ತು. ಮಂಗೇಶ ಉದ್ದಕ್ಕೆ ಮಾತಾಡಿ ಮೈಕನ್ನು ಬ್ರಯನ್ನನಿಗೆ ಕೊಟ್ಟ, ಅನುವಾದಕ್ಕೆ ತುಳಸಿದಾಸ ಪಕ್ಕದಲ್ಲಿ ನಿಂತ. ಬ್ರಯನ್ ಹೇಳಿದ್ದು ನಾಲ್ಕೇ ಮಾತು. ಇದು ನನ್ನವನ ಕಲ್ಲಲ್ಲ. ಇದು ಈ ತಾಯಿಯ ಮನೆಯವನದು. ನಾನು ತಪ್ಪು ತಿಳಿದುಕೊಂಡೆ. ದಯವಿಟ್ಟು ಬೇಲಿ ಹಾಕಬೇಡಿ.

ತುಳಸಿದಾಸ ಅದನ್ನು ಕನ್ನಡ ಮಾಡಿದ. ಒಂದು ಮಾತನ್ನು ತಿದ್ದಿದ: "ಅವರು ತಪ್ಪು ತಿಳಿದುಕೊಂಡದ್ದಲ್ಲ. ತಪ್ಪು ಹೇಳಿದವ ನಾನು." ಮಂಗೇಶ ಮೈಕಿನವನಿಗೆ ಕಣ್ಣು ಮಾಡಿದ, ಮೈಕು ಸತ್ತಿತು. ಆದರೆ ಮೂವತ್ತು ವರ್ಷ ಹೈಸ್ಕೂಲಿನ ಹಿಂದಿನ ಬೆಂಚಿಗೆ ಕೇಳಿಸಿದ ಗಂಟಲಿಗೆ ಮೈಕು ಬೇಕಿರಲಿಲ್ಲ.

"ಟಾಮೂ ಇಲ್ಲ, ಟಿಂಡಾಲೂ ಇಲ್ಲ. ಇಂಗ್ಲಿಷಿನದು ಏನಾದ್ರೂ ಇದ್ರೆ ಬರೆದುಕೊಂಡವನ ಕಿವಿ ಮಾತ್ರ. ಇವ ನಮ್ಮ ತಮ್ಮಜ್ಜ, ಸಾಹೇಬರ ಸರಕಿಗೋಸ್ಕರ ಸತ್ತವ. ಅವನ ಹೆಸರು ನನಗೆ ಗೊತ್ತಿಲ್ಲ, ಅದು ನನ್ನ ನಾಚಿಕೆ. ಇನ್ನೊಂದು ಮಾತು. ಅವನಿಗೆ ಮದುವೆ ಆಗಿರ್ಲಿಲ್ಲ. ಇಲ್ಲಿ ಯಾರಾದ್ರೂ ಅವನ ವಂಶದವರು ಅಂತ ಕೂತಿದ್ರೆ, ಸತ್ತವನ ಮರ್ಯಾದೆ ತೆಗೀಬೇಡಿ, ಎದ್ದು ಹೋಗಿ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನ ಮಾತು ಮೊದಲ ಸಲ ತಾಗಬೇಕಾದಲ್ಲಿ ತಾಗಿತ್ತು. ಆದರೆ ಅವನು ನಗಲಿಲ್ಲ.

ಬೇಲಿ ಬರಲಿಲ್ಲ. ಗ್ರಾನೈಟನ್ನು ಮಂಗೇಶ ಬಿಸಾಡಲಿಲ್ಲ. ತನ್ನ ಹೋಮ್‌ಸ್ಟೇ ಗೇಟಿನ ಪಕ್ಕ ನಿಲ್ಲಿಸಿದ. ಅಲ್ಲಿಗೆ ಬರುವವರು ಕ್ಯಾಪ್ಟನ್ ಟಾಮ್ ಟಿಂಡಾಲನ ಸಮಾಧಿಯ ಎದುರು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಕೆಳಗೆ ನಲ್ಲಿಯ ಪೈಪು ಹೋಗುತ್ತದೆ. ಹೆಸರು ತಿದ್ದಿಕೊಂಡ ಹುಡುಗರಲ್ಲಿ ಅರ್ಧ ಜನ ಇನ್ನೂ ಹಾಗೇ ಇಟ್ಟುಕೊಂಡಿದ್ದಾರೆ. ಬ್ರಯನ್ ಊರಿಗೆ ಹೋದ. ಆಮೇಲೆ ಆಗಾಗ ತುಳಸಿದಾಸನಿಗೆ ವಾಟ್ಸಾಪಿನಲ್ಲಿ ತನ್ನ ಕಡೆಯ ಮೀನಿನ ಫೋಟೋ ಕಳಿಸುತ್ತಿದ್ದ. ತುಳಸಿದಾಸ ಅದರಲ್ಲೂ ದೋಷ ಹುಡುಕಿ ಬರೆಯುತ್ತಿದ್ದ: ಇಷ್ಟು ಬಿಳಿ ಮೀನನ್ನು ನಮ್ಮಲ್ಲಿ ರೋಗಿಗಳಿಗೆ ಕೊಡುತ್ತಾರೆ.

ಮಳೆ ಹಿಡಿಯುವ ಮೊದಲು, ಒಂದು ಮಧ್ಯಾಹ್ನ, ಓದುತ್ತಿದ್ದ ಪುಸ್ತಕ ಎದೆಯ ಮೇಲೆ ಕವುಚಿಕೊಂಡು ಮಲಗಿದವನು ಏಳಲಿಲ್ಲ. ನಿದ್ದೆ ಕೆಡುವುದು ಬೇಡವೆಂದು ಮಂದಾಕಿನಿ ಚಹಾವನ್ನು ಮುಚ್ಚಿಟ್ಟಿದ್ದಳು. ಆಮೇಲೆ ಆ ಶೋಕಸಭೆ, ಆ ಬ್ಯಾನರು, ಆ ಚಪ್ಪಾಳೆ. ಅವನಿದ್ದಾಗ ಎದುರು ನಿಲ್ಲಲಾಗದ ಸುಳ್ಳು, ಅವನ ಫೋಟೋಕ್ಕೆ ಹಾರ ಬಿದ್ದ ಕೂಡಲೇ ಎದ್ದು ಕೂತಿತು.

ನೂಲು ಹುಣ್ಣಿಮೆಗೆ ಮಂದಾಕಿನಿ ಮಂಜಗುಣಿಗೆ ಹೊರಟಳು, ಅವನ ಗೆಳೆಯರೂ ಜೊತೆಗೆ ಹೋದರು. ಸಮುದ್ರದಲ್ಲಿ ಇನ್ನೂ ಮಳೆಗಾಲದ ಕೆಂಪು ನೀರು. ಹೀರಾಳ ಮಗ ನಿತಿನ ದೋಣಿಗೆ ಹೂ ಕಟ್ಟಿದ್ದ. ಮಂಗೇಶನೂ ಬಂದಿದ್ದ, ಸಂಕೇತನ ಮೊಬೈಲೂ ಬಂದಿತ್ತು. ಪ್ರತಿ ವರ್ಷ ತುಳಸಿದಾಸ ನಿಲ್ಲುತ್ತಿದ್ದ ಜಾಗವನ್ನು ಯಾರೂ ತುಳಿಯಲಿಲ್ಲ. ಯಾರೂ ಹೇಳದೆಯೇ ಅದು ಖಾಲಿ ಉಳಿಯಿತು.

ಅವನ ಹೆಸರು ಬರುತ್ತದೋ ಇಲ್ಲವೋ ಎಂಬ ಒಂದೇ ಯೋಚನೆ ಎಲ್ಲರಿಗೂ. ಬರಲಾರದು ಎಂದೂ ಗೊತ್ತಿತ್ತು. ಹೀರಾ ನೀರಿನ ಅಂಚಿಗೆ ನಿಂತು ಒಬ್ಬೊಬ್ಬರನ್ನೇ ಕರೆದಳು. ಮುತ್ತಜ್ಜ ಬಂದ, ಅಜ್ಜ ಬಂದ, ಅಪ್ಪ ಬಂದ. ತುಳಸಿದಾಸ ಎಂಬ ಹೆಸರು ಬರಲಿಲ್ಲ. ಕಡೆಗೆ ಗಂಟಲು ಏರಿಸಿ ಕೂಗಿದಳು: "ತಮ್ಮಾ!"

ನಿತಿನ ಕಾಯಿ ಎತ್ತಿದ. ಕರೆ ಮುಗಿಯಿತು ಎಂದು ಎಲ್ಲರೂ ಕೈ ಮುಗಿದರು. ಹೀರಾ ತಿರುಗಲಿಲ್ಲ. ಸ್ವಲ್ಪ ತಡೆದು, ಈ ಸಲ ಅಷ್ಟು ಗಟ್ಟಿಯಾಗಿ ಅಲ್ಲ, ಜಗಲಿಯಿಂದ ಅಂಗಳಕ್ಕೆ ಕರೆಯುವಷ್ಟೇ ದನಿಯಲ್ಲಿ ಇನ್ನೊಮ್ಮೆ ಕರೆದಳು.

"ತಮಾ."

ಮಂಗೇಶ ಮುಂದೆ ಬಂದ. "ಹೀರಕ್ಕಾ, ಟಾಮ್ ಟಿಂಡಾಲರನ್ನ ಎರಡು ಸಲ ಕರೆದ್ರಲ್ಲ? ಅದಕ್ಕೆ ವಿಶೇಷ ಎಂತಾದ್ರೂ ಉಂಟಾ? ವಿಡಿಯೋಕ್ಕೆ ಹೇಳಿ."

ಹೀರಾ ಸೆರಗಿನಿಂದ ಮುಖ ಒರೆಸಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಒಬ್ಬನನ್ನಲ್ಲ, ಇಬ್ಬರನ್ನ ಕರೆದದ್ದು," ಎಂದಳು. "ಒಬ್ಬ ದೋಣಿ ಬಿಟ್ಟವ. ಇನ್ನೊಬ್ಬ ಬಾಯಿ ಬಿಟ್ಟವ."